ಮನೆ ಹೋಯಿತು, ಸೀಟು ಬಂತು: ಡೆನ್ವರ್‌ನ ಅರೇರಿಯಾ ಪ್ರಕರಣ

ಅಮೆರಿಕದ ಕೊಲರಾಡೋ ರಾಜ್ಯದ ರಾಜಧಾನಿ ಡೆನ್ವರ್. ಆ ಊರಿನ ಪೇಟೆಗೆ ಅಂಟಿಕೊಂಡೇ ಅರೇರಿಯಾ ಅನ್ನುವ ಕ್ಯಾಂಪಸ್ ಇದೆ. ಒಂದೇ ಆವರಣದಲ್ಲಿ ಮೂರು ಸಂಸ್ಥೆಗಳು: ಕೊಲರಾಡೋ ವಿಶ್ವವಿದ್ಯಾಲಯದ ಡೆನ್ವರ್ ಶಾಖೆ, ಮೆಟ್ರೋಪಾಲಿಟನ್ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಡೆನ್ವರ್ ಕಮ್ಯುನಿಟಿ ಕಾಲೇಜು. ಮೂರೂ ಸೇರಿ 30,000ಕ್ಕೂ ಜಾಸ್ತಿ ವಿದ್ಯಾರ್ಥಿಗಳು. ಐವತ್ತು ವರ್ಷಕ್ಕೂ ಹಿಂದೆ ಇಲ್ಲಿ ಮನೆಗಳಿದ್ದವು, ಅಂಗಡಿಗಳಿದ್ದವು, ಸ್ಪ್ಯಾನಿಷ್‌ನಲ್ಲಿ ಪೂಜೆ ನಡೆಯುವ ಚರ್ಚ್ ಇತ್ತು. 300ಕ್ಕೂ ಹೆಚ್ಚು ಕುಟುಂಬಗಳನ್ನು, ಸುಮಾರು 250 ಅಂಗಡಿ ಮತ್ತು ಸಣ್ಣ ಉದ್ಯಮಗಳನ್ನು ಒಕ್ಕಲೆಬ್ಬಿಸಿ ಈ ಕ್ಯಾಂಪಸ್ ಕಟ್ಟಿದರು.

ನಗರ ನವೀಕರಣದ ಹೆಸರಲ್ಲಿ ವಿಶ್ವವಿದ್ಯಾಲಯಗಳು ಬಡವರ ಕೇರಿಗಳನ್ನು ನುಂಗಿದ್ದು ಅಮೆರಿಕದಲ್ಲಿ ಬೇಕಾದಷ್ಟು ಕಡೆ ನಡೆದಿದೆ. ಅರೇರಿಯಾವನ್ನೇ ಯಾಕೆ ಆರಿಸಿಕೊಂಡೆ ಅಂದರೆ, ಇಲ್ಲಿ ಪರಿಹಾರ ಅಂತ ಏನೋ ಒಂದು ಆಗಿದೆ. ಒಂದು ವಿದ್ಯಾರ್ಥಿವೇತನ ಶುರುವಾಯಿತು, ಮುಂದೆ ಅದು ಹಿಗ್ಗಿತು, ರಾಜ್ಯದ ಖಜಾನೆಯಿಂದ ಹಣವೂ ಬಂತು. ಏನೂ ಆಗದ ಪ್ರಕರಣದಿಂದ ಸಿಟ್ಟು ಬರುತ್ತದೆ, ಅಷ್ಟೇ. ಅರ್ಧ ಆದ ಪ್ರಕರಣದಲ್ಲಿ ಯಾವ ಅರ್ಧ ಆಯಿತು, ಯಾವುದು ಉಳಿಯಿತು ಅಂತ ನೋಡಬಹುದು.

ಊರು, ಸಂಸ್ಥೆ, ಕಾನೂನು ಇವೆಲ್ಲ ಸಾರ್ವಜನಿಕ ದಾಖಲೆಯಲ್ಲಿರುವುದರಿಂದ ಹೆಸರಿಟ್ಟೇ ಬರೆದಿದ್ದೇನೆ. ಕುಟುಂಬಗಳ ಹೆಸರನ್ನು ಪೂರ್ತಿ ಬಿಟ್ಟಿದ್ದೇನೆ. ಮುಂದೆ ಒಂದು ಕಡೆ ಒಬ್ಬ ಹುಡುಗನ ಉದಾಹರಣೆ ಬರುತ್ತದೆ. ಅವನು ಲೆಕ್ಕಕ್ಕಾಗಿ ಕಲ್ಪಿಸಿಕೊಂಡವನು.

ಹಿನ್ನೆಲೆ

ಡೆನ್ವರ್‌ಗಿಂತ ಅರೇರಿಯಾ ಕೆಲವು ವಾರ ಹಿರಿಯದು. 1858ರಲ್ಲಿ ಚಿನ್ನ ಹುಡುಕಿಕೊಂಡು ಬಂದ ಬಿಳಿಯರು ಸೌತ್ ಪ್ಲಾಟ್ ನದಿಗೆ ಚೆರ್ರಿ ಕ್ರೀಕ್ ಸೇರುವ ಜಾಗದಲ್ಲಿ ಇದನ್ನು ಕಟ್ಟಿದರು. ಅದು ಅರಪಾಹೋ ಮತ್ತು ಶಯೆನ್ ಜನರ ನೆಲ. ಅಂದರೆ ಈ ಜಾಗದ ಮೊದಲ ಎತ್ತಂಗಡಿ 1970ರ ದಶಕದ್ದಲ್ಲ. ಎರಡು ವರ್ಷದೊಳಗೆ ಅರೇರಿಯಾ ಡೆನ್ವರ್‌ನೊಳಗೆ ಸೇರಿಹೋಯಿತು. ಜರ್ಮನ್ನರು ಬಂದರು, ಐರಿಷ್ ಜನ ಬಂದರು. ಬಿಯರ್ ಕಾರ್ಖಾನೆ, ಹಿಟ್ಟಿನ ಗಿರಣಿ, ರೈಲು ಹಳಿ ಎಲ್ಲ ಬಂದವು.

ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ದಕ್ಷಿಣ ಕೊಲರಾಡೋ, ನ್ಯೂ ಮೆಕ್ಸಿಕೋ ಮತ್ತು ಮೆಕ್ಸಿಕೋ ಕಡೆಯಿಂದ ಸ್ಪ್ಯಾನಿಷ್ ಮಾತಾಡುವ ಕುಟುಂಬಗಳು ಬಂದು ನೆಲೆಸಿದವು. ಇವರಿಗೆ ಹತ್ತಿರದ ಐರಿಷ್ ಕ್ಯಾಥೊಲಿಕ್ ಚರ್ಚ್‌ನಲ್ಲಿ ಸಿಕ್ಕಿದ ಜಾಗ ನೆಲಮಾಳಿಗೆ. ದೇವರು ಒಬ್ಬನೇ, ಮಹಡಿ ಬೇರೆ! ಕೊನೆಗೆ ಐರಿಷ್ ಮೂಲದ ಒಬ್ಬ ಗಿರಣಿ ಮಾಲೀಕರು ಜಾಗ ಕೊಟ್ಟರು. 1926ರಲ್ಲಿ ಸೇಂಟ್ ಕ್ಯಾಜಟಾನ್ ಚರ್ಚ್ ಎದ್ದಿತು. ಡೆನ್ವರ್‌ನಲ್ಲಿ ಸ್ಪ್ಯಾನಿಷ್ ಮಾತಾಡುವವರಿಗೆ ಅಂತಲೇ ಕಟ್ಟಿದ ಮೊದಲ ಕ್ಯಾಥೊಲಿಕ್ ಚರ್ಚ್ ಅದು. ಪ್ರಾರ್ಥನೆಯ ಜೊತೆಗೆ ಶಾಲೆ, ಚಿಕಿತ್ಸಾಲಯ, ಸಾಲ ಕೊಡುವ ಸಹಕಾರ ಸಂಘ ಎಲ್ಲ ಅಲ್ಲೇ ಬೆಳೆದವು. ಬ್ಯಾಂಕು ಒಳಗೆ ಬಿಟ್ಟುಕೊಳ್ಳದವರಿಗೆ ಚರ್ಚ್ ಪಕ್ಕದ ಸಹಕಾರ ಸಂಘ ಏನು ಅನ್ನುವುದನ್ನು ನಮ್ಮ ಊರುಗಳಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1930ರ ದಶಕದಲ್ಲಿ ಕೇಂದ್ರ ಸರ್ಕಾರದ ಗೃಹಸಾಲ ಸಂಸ್ಥೆಯೊಂದು ಅಮೆರಿಕದ ನಗರಗಳ ನಕ್ಷೆಗೆ ಬಣ್ಣ ಬಳಿಯಿತು. ಸಾಲ ಕೊಟ್ಟರೆ ಅಪಾಯ ಅನ್ನುವ ಕೇರಿಗಳಿಗೆ ಕೆಂಪು. ಕರಿಯರು, ಮೆಕ್ಸಿಕನ್ ಮೂಲದವರು, ಹೊಸ ವಲಸಿಗರು ಇದ್ದ ಕಡೆಗಳಿಗೆಲ್ಲ ಹೆಚ್ಚಾಗಿ ಬಿದ್ದದ್ದು ಅದೇ ಬಣ್ಣ. ಹಾಗೆ ಕೆಂಪು ಬಿದ್ದ ಕೇರಿಯಲ್ಲಿ ರಿಪೇರಿಗೆ ಸಾಲ ಸಿಗುವುದಿಲ್ಲ. ರಿಪೇರಿ ಇಲ್ಲದ ಮನೆ ಹಳತಾಗುತ್ತದೆ. ಮೂವತ್ತು ವರ್ಷ ಆದಮೇಲೆ ಅದೇ ಸರ್ಕಾರದ ಇನ್ನೊಂದು ಇಲಾಖೆ ಬಂದು, ಈ ಕೇರಿ ಹಾಳಾಗಿದೆ, ಕೆಡವಬೇಕು ಅನ್ನುತ್ತದೆ. ಒಂದು ಕೈ ಮಾಡಿದ್ದನ್ನು ಇನ್ನೊಂದು ಕೈ ಸಾಕ್ಷಿಯಾಗಿ ತೋರಿಸುವುದು ಅಂದರೆ ಇದೇ.

ಕೆಡವುವ ತೀರ್ಮಾನ ಹೇಗಾಯಿತು

ಮೊದಲು ಕಾನೂನಿನ ಹೊಲಿಗೆ ನೋಡೋಣ. 1949ರ ವಸತಿ ಕಾಯ್ದೆಯ ಪ್ರಕಾರ, ಹಾಳಾದ ಪ್ರದೇಶ ಅಂತ ನಗರ ಗುರುತಿಸಿದ ಜಾಗವನ್ನು ಕೊಂಡು, ಕೆಡವಿ, ಹೊಸಬರಿಗೆ ಅಗ್ಗವಾಗಿ ಮಾರುವ ನಿವ್ವಳ ಖರ್ಚಿನಲ್ಲಿ ಸಾಮಾನ್ಯವಾಗಿ ಮೂರನೇ ಎರಡು ಪಾಲು ಕೇಂದ್ರದ್ದು. ಮೂರನೇ ಒಂದು ಪಾಲು ನಗರದ್ದು. 1959ರಲ್ಲಿ ಇದಕ್ಕೆ 112ನೇ ಕಲಂ ಸೇರಿತು. ವಿಶ್ವವಿದ್ಯಾಲಯವೊಂದು ಸುತ್ತಮುತ್ತ ಜಾಗಕ್ಕೆ ಮಾಡಿದ ಖರ್ಚನ್ನು ನಗರದ ಪಾಲಿನ ಲೆಕ್ಕಕ್ಕೇ ಹಿಡಿಯಬಹುದು ಅಂತ ಆಯಿತು. ಇದರ ಹಿಂದೆ ಶಿಕಾಗೋ ವಿಶ್ವವಿದ್ಯಾಲಯದ ಪರವಾಗಿ ಜೂಲಿಯನ್ ಲೆವಿ ಮಾಡಿದ ಓಡಾಟ ದೊಡ್ಡದು. ಕಾಲೇಜು ಬೆಳೆದಷ್ಟೂ ನಗರಕ್ಕೆ ದಿಲ್ಲಿಯಿಂದ ಬಂದ ಹಾಗೆ ವಾಷಿಂಗ್ಟನ್‌ನಿಂದ ದುಡ್ಡು! ನಗರಸಭೆಗೂ ವಿಶ್ವವಿದ್ಯಾಲಯಕ್ಕೂ ಒಂದೇ ಸಲ ಲಾಭ. ಅಲ್ಲಿ ವಾಸ ಮಾಡುವವರಿಗೆ ಈ ಲೆಕ್ಕದಲ್ಲಿ ಕಾಲಂ ಇರಲಿಲ್ಲ.

ಡೆನ್ವರ್‌ನಲ್ಲಿ ಇದಕ್ಕೆ ಕಾರಣಗಳೂ ಕೂಡಿಬಂದವು. ಮೆಟ್ರೋಪಾಲಿಟನ್ ಸ್ಟೇಟ್ ಕಾಲೇಜು 1965ರಲ್ಲಿ ಬಾಡಿಗೆ ಕಟ್ಟಡಗಳಲ್ಲಿ ಶುರುವಾಗಿತ್ತು. ದುಡಿದುಕೊಂಡು ಓದುವವರಿಗೆ, ಅಂಕ ಕಡಿಮೆ ಬಂದವರಿಗೆ ಬಾಗಿಲು ತೆರೆದಿದ್ದ ಕಾಲೇಜು ಅದು. ಅದಕ್ಕೆ ಸ್ವಂತ ಜಾಗ ಬೇಕಿತ್ತು. ಅದೇ ವರ್ಷ ಜೂನ್ 16ರಂದು ಸೌತ್ ಪ್ಲಾಟ್ ನದಿ ಉಕ್ಕಿ ಹರಿಯಿತು. ಅರೇರಿಯಾದ ತಗ್ಗು ಭಾಗಕ್ಕೆ ನೀರು ನುಗ್ಗಿತು. ನೆರೆ ಬಂದ ಮೇಲೆ ಆ ಕೇರಿಯನ್ನು ಹಾಳಾದದ್ದು ಅಂತ ಹೇಳುವುದು ಇನ್ನೂ ಸುಲಭವಾಯಿತು. ಡೆನ್ವರ್ ನಗರ ನವೀಕರಣ ಪ್ರಾಧಿಕಾರ ಕ್ಯಾಂಪಸ್‌ಗೆ ಜಾಗ ತೋರಿಸಿತು.

ಈ ಕಾಲೇಜು ಯಾರಿಗೋಸ್ಕರ ಅನ್ನುವುದನ್ನು ಇಲ್ಲಿ ಮರೆಯಬಾರದು. ಶ್ರೀಮಂತರ ಮಕ್ಕಳಿಗಲ್ಲ, ನಗರದ ಬಡವರ ಮಕ್ಕಳಿಗೆ. ಯೋಜನೆಯ ಪರ ಇದ್ದವರು ಕೆಟ್ಟ ಉದ್ದೇಶದವರು ಅಂತ ಹೇಳಿ ಕೈತೊಳೆದುಕೊಳ್ಳಲು ಆಗದೆ ಇರುವುದು ಇದಕ್ಕೇ. ಬಡವರಿಗೆ ಕಾಲೇಜು ಹತ್ತಿರ ಬರಲಿ ಅಂತ ಬಡವರ ಮನೆಯನ್ನೇ ಕೆಡವಿದರು.

1969ರ ಮತ

ನಗರದ ಪಾಲಿನ ಹಣಕ್ಕೆ ಸಾಲಪತ್ರ, ಅಂದರೆ ಬಾಂಡ್, ಹೊರಡಿಸಬೇಕಿತ್ತು. 60 ಲಕ್ಷ ಡಾಲರ್. ಅದಕ್ಕೆ ಮತದಾರರ ಒಪ್ಪಿಗೆ ಬೇಕು. 1969ರ ನವೆಂಬರ್‌ನಲ್ಲಿ ಮತದಾನ ಇಟ್ಟರು.

ಅರೇರಿಯಾದ ನಿವಾಸಿಗಳು ಸಂಘಟನೆ ಕಟ್ಟಿಕೊಂಡರು. ಸೇಂಟ್ ಕ್ಯಾಜಟಾನ್ ಚರ್ಚ್‌ನ ಪಾದ್ರಿಯೇ ಅವರ ಬೆನ್ನಿಗೆ ನಿಂತರು. ಆದರೆ ಮತದಾನ ಇದ್ದದ್ದು ಇಡೀ ಡೆನ್ವರ್‌ಗೆ. ಮನೆ ಕಳೆದುಕೊಳ್ಳುವವರು ಕೆಲವು ನೂರು. ಮತ ಹಾಕುವವರು ಇಡೀ ಊರು. ಇಂಥ ಮತದಾನದಲ್ಲಿ ಫಲಿತಾಂಶ ಪೆಟ್ಟಿಗೆ ತೆರೆಯುವ ಮೊದಲೇ ಅರ್ಧ ಬರೆದಾಗಿರುತ್ತದೆ.

ಉಳಿದರ್ಧ ಬಂದದ್ದು ಅವರದೇ ಧರ್ಮದ ಮೇಲಿನವರಿಂದ. ಡೆನ್ವರ್‌ನ ಆರ್ಚ್‌ಬಿಷಪ್ ಜೇಮ್ಸ್ ಕೇಸಿ ಸಾಲಪತ್ರದ ಪರ ಮತ ಹಾಕಿ ಅಂತ ಪತ್ರ ಬರೆದರು. ಚರ್ಚ್‌ಗಳಲ್ಲಿ ಅದನ್ನು ಓದಿಸಿದರು. ತಮ್ಮ ಪಾದ್ರಿ ಬೇಡ ಅಂದದ್ದನ್ನು ಅವರ ಮೇಲಿನವರು ಬೇಕು ಅಂದರು. ಪ್ರಸ್ತಾವ ಗೆದ್ದಿತು.

ನನ್ನ ಮಟ್ಟಿಗೆ ಈ ಪ್ರಕರಣದ ಮೊದಲ ತಿರುವು ಇದು. ಎದುರಾಳಿ ಯಾರು ಅಂತ ಮೊದಲೇ ಗೊತ್ತಿದ್ದರೆ ಹೋರಾಟ ಒಂದು ಥರ. ನಮ್ಮವರು ಅಂತ ನಂಬಿದ ಸಂಸ್ಥೆ ಆ ಕಡೆ ನಿಂತಾಗ ಸೋಲು ಬರೀ ಸಂಖ್ಯೆಯದ್ದಾಗಿ ಉಳಿಯುವುದಿಲ್ಲ. ವಿಶ್ವವಿದ್ಯಾಲಯದಿಂದಾದ ಹಾನಿಯನ್ನು ಅಧ್ಯಯನ ಮಾಡುವವರು ಸಾಮಾನ್ಯವಾಗಿ ಪ್ರಾಧಿಕಾರ, ನಗರಸಭೆ, ಕಾಲೇಜು ಈ ಮೂವರನ್ನೇ ನೋಡುತ್ತಾರೆ. ನಾಲ್ಕನೆಯದಾಗಿ ಮಧ್ಯದಲ್ಲಿ ನಿಂತು ಸಮ್ಮತಿ ಕೊಡಿಸಿದವರು ಯಾರು ಅಂತಲೂ ಕೇಳಬೇಕು.

ಇನ್ನೊಂದು ವಿಷಯ ಇದೇ ಹೊತ್ತಿನದು. ನಿಮ್ಮ ಮಕ್ಕಳು ಇಲ್ಲಿ ಪುಕ್ಕಟೆ ಓದಬಹುದು ಅಂತ ಆಗ ಮಾತು ಕೊಟ್ಟಿದ್ದರು ಅಂತ ಅರೇರಿಯಾದ ಹಳೆಯ ನಿವಾಸಿಗಳು ದಶಕಗಳ ಕಾಲ ಹೇಳುತ್ತಾ ಬಂದರು. ಮನೆ ಮಾರಾಟದ ಪತ್ರದಲ್ಲಿ ಇಂಥದ್ದೊಂದು ಷರತ್ತು ಇದ್ದಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಬಾಯಿಮಾತನ್ನು ನ್ಯಾಯಾಲಯಕ್ಕೆ ಒಯ್ಯುವುದು ಕಷ್ಟ. ಆದರೆ ಜನರ ನೆನಪಿನಲ್ಲಿ ಆ ಮಾತು ಸಾಯಲಿಲ್ಲ. ಮುಂದೆ ಬಂದ ಪರಿಹಾರ ನಿಂತದ್ದು ಈ ನೆನಪಿನ ಮೇಲೆಯೇ.

ಮನೆಗಳು ಉಳಿದವು, ಮನೆಯವರು ಹೋದರು

ಎತ್ತಂಗಡಿ ನಡೆದದ್ದು 1970ರ ದಶಕದ ಮೊದಲ ವರ್ಷಗಳಲ್ಲಿ. 1973ರ ಹೊತ್ತಿಗೆ ಕೇರಿ ಖಾಲಿ. ಸ್ವಂತ ಮನೆಯವರಿಗೆ ಮನೆಯ ಬೆಲೆ ಕೊಟ್ಟರು. ಹಾಳಾದದ್ದು ಅಂತ ಹಣೆಪಟ್ಟಿ ಹಚ್ಚಿದ ಮೇಲೆ ಅದರ ಮಾರುಕಟ್ಟೆ ಬೆಲೆ ಎಷ್ಟಿರುತ್ತದೆ ಅಂತ ಊಹಿಸಬಹುದು, ಅಲ್ವಾ? ಬೇರೆ ಕಡೆ ಅದೇ ದುಡ್ಡಿಗೆ ಅಂಥದ್ದೇ ಮನೆ ಸಿಗುವುದಿಲ್ಲ. ಈ ಅನ್ಯಾಯ ದೇಶದ ಎಲ್ಲ ಕಡೆ ಕಂಡಿತ್ತು. ಅದಕ್ಕೇ 1971ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸ್ಥಳಾಂತರ ಪರಿಹಾರದ ಏಕರೂಪ ಕಾಯ್ದೆ ತಂದಿತು. ಬೇರೆ ಮನೆ ಕೊಳ್ಳಲು ಮಾಲೀಕರಿಗೆ 15,000 ಡಾಲರ್‌ವರೆಗೆ, ಬಾಡಿಗೆದಾರರಿಗೆ 4,000 ಡಾಲರ್‌ವರೆಗೆ ಹೆಚ್ಚುವರಿ ಹಣ ಅದರಲ್ಲಿತ್ತು. ನಗರ ನವೀಕರಣ ಶುರುವಾಗಿ ಇಪ್ಪತ್ತು ವರ್ಷ ದಾಟಿದ ಮೇಲೆ ಬಂದ ಕಾಯ್ದೆ ಇದು. ಅಷ್ಟರಲ್ಲಿ ಎಷ್ಟು ಊರುಗಳಲ್ಲಿ ಎಷ್ಟು ಜನ ಬರಿಗೈಲಿ ಹೊರಟಿದ್ದರೋ.

ಈಗ ಇದರ ಪಕ್ಕದಲ್ಲಿ ನಡೆದ ಇನ್ನೊಂದು ಸಂಗತಿ ನೋಡಿ. 1970ರಲ್ಲಿ ಡೆನ್ವರ್‌ನಲ್ಲಿ ಪಾರಂಪರಿಕ ಕಟ್ಟಡಗಳನ್ನು ಉಳಿಸುವ ಒಂದು ಸಂಸ್ಥೆ ಹುಟ್ಟಿತು, ಹಿಸ್ಟಾರಿಕ್ ಡೆನ್ವರ್. ಅರೇರಿಯಾದ ಒಂಬತ್ತನೇ ಬೀದಿಯಲ್ಲಿ ಹತ್ತೊಂಬತ್ತನೇ ಶತಮಾನದ ಚೆಂದದ ಮನೆಗಳ ಸಾಲಿತ್ತು. ಈ ಸಂಸ್ಥೆ ಹಣ ಸೇರಿಸಿ, ಹೋರಾಡಿ, ಆ ಸಾಲನ್ನು ಉಳಿಸಿತು. 1973ರಲ್ಲಿ ಅದು ರಾಷ್ಟ್ರೀಯ ಪಾರಂಪರಿಕ ಪಟ್ಟಿಗೆ ಸೇರಿತು. ಹದಿಮೂರು ಮನೆ, ಒಂದು ಕಿರಾಣಿ ಅಂಗಡಿಯ ಕಟ್ಟಡ. ಇವತ್ತು ಹೋದರೂ ನೋಡಬಹುದು. ಹುಲ್ಲುಹಾಸು, ಮರ, ಬಣ್ಣ ಬಳಿದ ಜಗುಲಿ. ಒಳಗೆ ಕ್ಯಾಂಪಸ್ಸಿನ ಕಚೇರಿಗಳು.

ಅಂದರೆ ಆ ಮನೆಗಳು ಕೆಡವುವಷ್ಟು ಹಾಳಾಗಿರಲಿಲ್ಲ. ದುಡ್ಡು ಹಾಕಿದರೆ ರಿಪೇರಿ ಆಗುವಂಥವೇ. ಆ ದುಡ್ಡು ಅಲ್ಲಿ ವಾಸವಿದ್ದವರಿಗೆ ಸಾಲವಾಗಿ ಸಿಗಲಿಲ್ಲ. ಅವರು ಹೋದ ಮೇಲೆ ಗೋಡೆಗಳಿಗೆ ದೇಣಿಗೆಯಾಗಿ ಸಿಕ್ಕಿತು. ಆ ಸಾಲಿನ ಒಂದು ಮನೆಯಲ್ಲಿ ಮೆಕ್ಸಿಕನ್ ಕುಟುಂಬವೊಂದು ದಶಕಗಳ ಕಾಲ ಊಟದ ಹೋಟೆಲ್ ನಡೆಸಿತ್ತು. ಊರಿನ ಬೇರೆ ಕಡೆಯವರೂ ಅಲ್ಲಿಗೆ ಉಣ್ಣಲು ಬರುತ್ತಿದ್ದರು. ಹೋಟೆಲ್ ಹೋಯಿತು, ಕಟ್ಟಡ ನಿಂತಿದೆ.

ಚರ್ಚ್‌ನದೂ ಅದೇ ಕಥೆ. ಸೇಂಟ್ ಕ್ಯಾಜಟಾನ್ ಕಟ್ಟಡ ಉಳಿಯಿತು, ಕ್ಯಾಂಪಸ್ಸಿನ ಸಭಾಂಗಣವಾಯಿತು. ಭಕ್ತರಿಗೆ ನಗರದ ನೈಋತ್ಯ ಭಾಗದಲ್ಲಿ ಹೊಸ ಚರ್ಚ್ ಕಟ್ಟಿಕೊಟ್ಟರು. ಆದರೆ ಜನ ಒಂದೇ ಕಡೆಗೆ ಹೋಗಿರಲಿಲ್ಲ. ಯಾರಿಗೆ ಎಲ್ಲಿ ಮನೆ ಸಿಕ್ಕಿತೋ ಅಲ್ಲಿಗೆ ಚದುರಿದ್ದರು. ನಡೆದು ಹೋಗುವ ದೂರದಲ್ಲಿ ಅಕ್ಕ, ಎದುರು ಮನೆಯಲ್ಲಿ ಅತ್ತೆ, ಮೂಲೆಯಲ್ಲಿ ಉದ್ರಿ ಕೊಡುವ ಅಂಗಡಿ. ಇದಕ್ಕೆ ಯಾವ ಕಾಯ್ದೆಯೂ ಬೆಲೆ ಕಟ್ಟಲಿಲ್ಲ. ನಮ್ಮಲ್ಲಿ ಆಲಮಟ್ಟಿ ಹಿನ್ನೀರಿಗೆ ಬಾಗಲಕೋಟೆಯ ಹಳೇ ಊರು ಬಿಟ್ಟುಕೊಟ್ಟವರನ್ನು ಕೇಳಿ. ನವನಗರದಲ್ಲಿ ಸೈಟು ಸಿಕ್ಕವರೂ ಮೊದಲು ಹೇಳುವುದು ಹಳೇ ಓಣಿಯ ಮಾತನ್ನೇ.

ಕ್ಯಾಂಪಸ್ 1976ರ ಹೊತ್ತಿಗೆ ಶುರುವಾಯಿತು. ಮುಂದೆ ಬಿಯರ್ ಕಾರ್ಖಾನೆಯ ಹಳೇ ಕಟ್ಟಡ, ಟಿವೋಲಿ, ವಿದ್ಯಾರ್ಥಿ ಭವನವಾಯಿತು.

ವಿದ್ಯಾರ್ಥಿವೇತನ: ಮೊದಲ ರೂಪ

ಹಳೆಯ ನಿವಾಸಿಗಳು ಸುಮ್ನೆ ಕೂರಲಿಲ್ಲ. ಒಬ್ಬರನ್ನೊಬ್ಬರು ಹುಡುಕಿಕೊಂಡರು, ಸೇರಿದರು, ನೆನಪುಗಳನ್ನು ಬರೆದಿಟ್ಟರು. ಕೊಟ್ಟ ಮಾತು ಎಲ್ಲಿ ಹೋಯಿತು ಅಂತ ಕೇಳುತ್ತಲೇ ಇದ್ದರು. 1990ರ ದಶಕದಲ್ಲಿ ಮೂರೂ ಸಂಸ್ಥೆಗಳಲ್ಲಿ ಒಂದು ವಿದ್ಯಾರ್ಥಿವೇತನ ರೂಪ ತಳೆಯಿತು. ಒಕ್ಕಲೆದ್ದ ಅರೇರಿಯಾದವರ ವಿದ್ಯಾರ್ಥಿವೇತನ ಅಂತಲೇ ಅದರ ಹೆಸರು. 1955ರಿಂದ 1973ರ ನಡುವೆ ಆ ಕೇರಿಯಲ್ಲಿ ವಾಸವಿದ್ದವರು, ಅವರ ಮಕ್ಕಳು, ಮೊಮ್ಮಕ್ಕಳು ಅರ್ಹರು.

ಒಳ್ಳೆಯದೇ. ಕೂತು ಲೆಕ್ಕ ಹಾಕಿ ನೋಡಿ. 1973ರಲ್ಲಿ 18 ವರ್ಷದ ಒಬ್ಬ ಹುಡುಗ ಇದ್ದ ಅಂದುಕೊಳ್ಳೋಣ. ಓದುವ ವಯಸ್ಸು. ಆಗಲೇ ಮನೆ ಹೋಯಿತು. ವಿದ್ಯಾರ್ಥಿವೇತನ ಬರುವಷ್ಟರಲ್ಲಿ ಅವನಿಗೆ ನಲವತ್ತರ ಹತ್ತಿರ. ಸಂಸಾರ, ಸಾಲ, ಕೆಲಸ. ಹಕ್ಕು ಕಾಗದದ ಮೇಲಿದೆ, ಬಳಸುವ ಕಾಲ ಹೋಗಿದೆ. ಅವನ ಅಪ್ಪ ಅಮ್ಮನಿಗಂತೂ, ಅಂದರೆ ಮನೆ ಕಟ್ಟಿದವರಿಗೆ, ಮಾರಿದವರಿಗೆ, ಕಾಲೇಜು ಸೀಟಿನಿಂದ ಏನಾಗಬೇಕು? ಕಳೆದುಕೊಂಡದ್ದು ಒಂದು ತಲೆಮಾರು, ಪಡೆಯುವುದು ಅದರ ಮುಂದಿನದು, ಅದರ ಮುಂದಿನದು.

ಕಳೆದುಕೊಂಡದ್ದು ಯಾವುದು, ಕೊಟ್ಟದ್ದು ಯಾವುದು ಅಂತಲೂ ಕೇಳಬೇಕು. ಹೋದದ್ದು ಮನೆ, ಅಂಗಡಿ, ಗಿರಾಕಿಗಳು, ಪೇಟೆಗೆ ನಡೆದು ಹೋಗುವ ಅನುಕೂಲ. ಆ ನೆಲ ಇವತ್ತು ನಗರದ ನಡುವಿನ ಬಂಗಾರದ ಬೆಲೆಯ ಜಾಗ. ಆ ಏರಿದ ಬೆಲೆಯಲ್ಲಿ ಹಳಬರಿಗೆ ಪಾಲಿಲ್ಲ. ಬಂದದ್ದು ಶುಲ್ಕ ಮನ್ನಾ. ಹೇಗೂ ನಡೆಯುವ ತರಗತಿಯಲ್ಲಿ ಇನ್ನೊಬ್ಬರನ್ನು ಕೂರಿಸುವುದು ವಿಶ್ವವಿದ್ಯಾಲಯಕ್ಕೆ ತೀರಾ ಅಗ್ಗವಾಗಿ ಕೊಡಬಹುದಾದ ವಸ್ತು. ಇದನ್ನು ಕುಹಕವಾಗಿ ಹೇಳುತ್ತಿಲ್ಲ. ಪರಿಹಾರ ಅನ್ನುವುದು ಕೊಡುವವರ ಕೈಯಲ್ಲಿ ಏನಿದೆಯೋ ಅದರ ಆಕಾರವನ್ನೇ ತಾಳುತ್ತದೆ. ಓದಬೇಕು ಅನ್ನುವ ಮೊಮ್ಮಗಳಿಗೆ ಇದು ದೊಡ್ಡ ಸಹಾಯ, ಅದರಲ್ಲಿ ಅನುಮಾನ ಇಲ್ಲ. ಓದಲು ಬಾರದ, ಇನ್ನೊಂದು ಊರಿಗೆ ಹೋದ, ಬಡಗಿ ಕೆಲಸವೇ ಸಾಕು ಅನ್ನುವ ಮೊಮ್ಮಗನಿಗೆ ಸೊನ್ನೆ.

ಮತ್ತೆ ಸಾಕ್ಷಿಯ ಪ್ರಶ್ನೆ. ಸ್ವಂತ ಮನೆಯವರಿಗೆ ಕಾಗದಪತ್ರ ಇರುತ್ತದೆ. ಬಾಡಿಗೆಗಿದ್ದವರಿಗೆ, ನೆಂಟರ ಮನೆಯಲ್ಲಿದ್ದವರಿಗೆ ಏನಿರುತ್ತದೆ? ಆ ಕಾಲದ ಅಮೆರಿಕದ ನಗರಗಳಲ್ಲಿ ಮನೆಯ ಯಜಮಾನರ ಹೆಸರು, ಉದ್ಯೋಗ, ವಿಳಾಸ ಅಚ್ಚು ಹಾಕುವ ವಾರ್ಷಿಕ ವಿಳಾಸಪುಸ್ತಕಗಳಿದ್ದವು. ಚರ್ಚ್‌ನ ದೀಕ್ಷಾಸ್ನಾನದ ದಾಖಲೆ, ಶಾಲೆಯ ದಾಖಲೆ ಇಂಥವೂ ಇಂಥ ಹುಡುಕಾಟಕ್ಕೆ ಒದಗುತ್ತವೆ. ನಮ್ಮಲ್ಲಿ ಸರ್ಕಾರಿ ನೌಕರಿಗೆ ಅರ್ಜಿ ಹಾಕುವಾಗ ಯೋಜನಾ ನಿರಾಶ್ರಿತ ಅಭ್ಯರ್ಥಿ ಅನ್ನುವ ಕಾಲಂ ನೋಡಿರುತ್ತೀರಿ. ಅಣೆಕಟ್ಟಿಗೋ ಕಾರ್ಖಾನೆಗೋ ಜಮೀನು ಕೊಟ್ಟ ಕುಟುಂಬದವರಿಗೆ ಮೀಸಲಾತಿ. ಆ ಪ್ರಮಾಣಪತ್ರಕ್ಕೆ ಓಡಾಡಿದವರಿಗೆ ಗೊತ್ತು, ಕುಟುಂಬ ಅಂದರೆ ಯಾರು, ಎಷ್ಟನೇ ತಲೆಮಾರಿನವರೆಗೆ, ಯಾವ ಕಾಗದ ಸಾಕು ಅನ್ನುವಲ್ಲೇ ಅರ್ಧ ನ್ಯಾಯ ತೀರ್ಮಾನವಾಗಿಬಿಡುತ್ತದೆ. ಡೆನ್ವರ್‌ನಲ್ಲೂ ಹಾಗೇ.

2021, 2022

ಮೊಮ್ಮಕ್ಕಳವರೆಗೆ ಅನ್ನುವ ಗೆರೆ ವರ್ಷ ಕಳೆದ ಹಾಗೆ ಬಿಗಿಯಾಗತೊಡಗಿತು. 1955ರಲ್ಲಿ ನಡುವಯಸ್ಸಿನಲ್ಲಿದ್ದವರ ಮರಿಮಕ್ಕಳು ಕಾಲೇಜಿನ ವಯಸ್ಸಿಗೆ ಬಂದರು. ಅವರಿಗೆ ಬಾಗಿಲು ಮುಚ್ಚಿತ್ತು. ಹಾನಿಯನ್ನು ಮಾಡಿದವರು ಅದಕ್ಕೊಂದು ಕೊನೆಯ ದಿನಾಂಕ ಹಾಕಿದ ಹಾಗಿತ್ತು ಇದು. ವಂಶಸ್ಥರು ಒತ್ತಾಯ ಮಾಡಿದರು. 2021ರ ನವೆಂಬರ್‌ನಲ್ಲಿ ಮೂರೂ ಸಂಸ್ಥೆಗಳು ಒಟ್ಟಾಗಿ ಆ ಗೆರೆಯನ್ನು ಅಳಿಸಿದವು. ಒಕ್ಕಲೆದ್ದವರ ನೇರ ವಂಶಸ್ಥರೆಲ್ಲರೂ, ಎಷ್ಟನೇ ತಲೆಮಾರಾದರೂ, ಅರ್ಹರು ಅಂತ ಆಯಿತು. ಮರುವರ್ಷ ಕೊಲರಾಡೋ ಶಾಸನಸಭೆ ಮಸೂದೆಯೊಂದನ್ನು ಪಾಸು ಮಾಡಿ ಈ ವಿದ್ಯಾರ್ಥಿವೇತನಕ್ಕೆ ರಾಜ್ಯದ ಹಣದಿಂದ 20 ಲಕ್ಷ ಡಾಲರ್ ಕೊಟ್ಟಿತು.

ಎರಡನೇ ತಿರುವು ಅಂತ ನಾನು ಗುರುತು ಹಾಕುವುದು ಇಲ್ಲಿ. ಮೊತ್ತಕ್ಕಿಂತ ಮುಖ್ಯವಾದದ್ದು ಹೊಣೆ ಯಾರದ್ದು ಅನ್ನುವುದು ಬದಲಾದದ್ದು. ಅಲ್ಲಿಯವರೆಗೆ ಕಾಲೇಜುಗಳು ತಮ್ಮ ಉದಾರತೆಯಿಂದ ಕೊಡುತ್ತಿದ್ದ ಸವಲತ್ತು ಅದು. ರಾಜ್ಯ ಹಣ ಹಾಕಿದಾಗ, ಇದು ಸಾರ್ವಜನಿಕ ತೀರ್ಮಾನದಿಂದ ಆದ ನಷ್ಟ, ಸಾರ್ವಜನಿಕ ಖಜಾನೆಯೂ ಸೇರಬೇಕು ಅನ್ನುವುದು ದಾಖಲೆಗೆ ಬಂತು. ಆದರೂ ನೋಡಿ, ಕೊಟ್ಟದ್ದರ ಆಕಾರ ಬದಲಾಗಲಿಲ್ಲ. ಅಗಲ ಜಾಸ್ತಿಯಾಯಿತು, ವಸ್ತು ಅದೇ. ಮನೆಗೆ ಮನೆ ಅಂತ ಆಗಲಿಲ್ಲ. ಅಂಗಡಿ ಕಳೆದುಕೊಂಡವರ ಲೆಕ್ಕ ಎಲ್ಲೂ ಬರಲಿಲ್ಲ.

ಇನ್ನೊಂದು ಅಡ್ಡ ಮಾತು. ಮೆಟ್ರೋಪಾಲಿಟನ್ ಸ್ಟೇಟ್ 2019ರಲ್ಲಿ, ಕೊಲರಾಡೋ ವಿಶ್ವವಿದ್ಯಾಲಯದ ಡೆನ್ವರ್ ಶಾಖೆ 2021ರಲ್ಲಿ, ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಾಡುವ ಮೂಲದ) ವಿದ್ಯಾರ್ಥಿಗಳು ಹೆಚ್ಚಿರುವ ಸಂಸ್ಥೆ ಅನ್ನುವ ಕೇಂದ್ರದ ಮಾನ್ಯತೆ ಪಡೆದವು. ಪದವಿ ಓದುವವರಲ್ಲಿ ಕನಿಷ್ಠ ಕಾಲು ಭಾಗ ಹಿಸ್ಪಾನಿಕ್ ಇದ್ದರೆ ಸಿಗುವ ಮಾನ್ಯತೆ. ಅದರಿಂದ ಆಗ ಕೇಂದ್ರದ ಅನುದಾನಕ್ಕೂ ದಾರಿ ತೆರೆಯಿತು. ಕ್ಯಾಂಪಸ್ ಕಟ್ಟಿದ್ದರಿಂದ ಆ ಸಮುದಾಯಕ್ಕೆ ಏನೂ ಸಿಗಲಿಲ್ಲ ಅಂತ ಯಾರಾದರೂ ಅಂದರೆ ಅದು ತಪ್ಪು. ಆದರೆ ಸಮುದಾಯಕ್ಕೆ ಸಿಕ್ಕಿದ್ದು, ಆ ಬೀದಿಯ ಆ ಮನೆಗೆ ಸಿಕ್ಕಿದ್ದು, ಇವೆರಡೂ ಬೇರೆ. ಒಂದರ ಲೆಕ್ಕದಲ್ಲಿ ಇನ್ನೊಂದನ್ನು ಮುಚ್ಚಿಹಾಕುವುದು ಇಂಥ ಪ್ರಕರಣಗಳಲ್ಲಿ ಆಗಾಗ ಆಗುತ್ತದೆ.

ಪಕ್ಕದಲ್ಲಿಟ್ಟು ನೋಡಲು: ಲಿನೆನ್‌ಟೌನ್

ಜಾರ್ಜಿಯಾ ರಾಜ್ಯದ ಅಥೆನ್ಸ್ ಊರಿನಲ್ಲಿ ಲಿನೆನ್‌ಟೌನ್ ಅನ್ನುವ ಕರಿಯರ ಕೇರಿ ಇತ್ತು. ಸುಮಾರು 50 ಕುಟುಂಬ. 1960ರ ದಶಕದಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಹಾಸ್ಟೆಲ್‌ಗಳಿಗಾಗಿ, ಇದೇ ನವೀಕರಣ ಯೋಜನೆಯಡಿ, ಅದನ್ನು ಅಳಿಸಿಹಾಕಿದರು. ಅಲ್ಲಿ ಹಳೆಯ ನಿವಾಸಿಗಳ ಬೆನ್ನಿಗೆ ಕಾಗದವೇ ಇತ್ತು. ಯೋಜನೆಯ ಹಳೆಯ ಕಡತಗಳು ಆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೇ ಇದ್ದವು. ಅಲ್ಲಿನ ಒಬ್ಬ ನೌಕರರು ಅವನ್ನು ಹುಡುಕಿ ನಿವಾಸಿಗಳ ಮುಂದೆ ಇಟ್ಟರು. 2021ರ ಫೆಬ್ರುವರಿಯಲ್ಲಿ ಅಲ್ಲಿನ ಸ್ಥಳೀಯ ಸರ್ಕಾರ ನಿರ್ಣಯ ಪಾಸು ಮಾಡಿ, ಕ್ಷಮೆ ಕೇಳಿ, ನಷ್ಟ ತುಂಬುವ ಮಾತಾಡಿತು. ವಿಶ್ವವಿದ್ಯಾಲಯ ಆ ಪ್ರಕ್ರಿಯೆಯಲ್ಲಿ ಸೇರಿಕೊಳ್ಳಲಿಲ್ಲ. ಸಾರ್ವಜನಿಕ ಹಣವನ್ನು ವ್ಯಕ್ತಿಗಳಿಗೆ ಪುಕ್ಕಟೆ ಕೊಡಬಾರದು ಅಂತ ಜಾರ್ಜಿಯಾದ ಸಂವಿಧಾನ ಹೇಳುವುದರಿಂದ ಕುಟುಂಬಗಳಿಗೆ ನೇರವಾಗಿ ಚೆಕ್ ಕೊಡುವ ದಾರಿ ಅಲ್ಲಿ ಮುಚ್ಚಿತ್ತು.

ಎರಡನ್ನೂ ಜೊತೆಗಿಟ್ಟರೆ ವಿಚಿತ್ರ ಕಾಣುತ್ತದೆ. ಡೆನ್ವರ್‌ನಲ್ಲಿ ಕಾಲೇಜುಗಳು ಮುಂದೆ ಬಂದವು, ಹಾಗಾಗಿ ಸೀಟು ಸಿಕ್ಕಿತು. ಅಥೆನ್ಸ್‌ನಲ್ಲಿ ನಗರ ಮುಂದೆ ಬಂತು, ಹಾಗಾಗಿ ಕ್ಷಮೆ ಮತ್ತು ಸಾರ್ವಜನಿಕ ಕೆಲಸಗಳ ದಾರಿ ಸಿಕ್ಕಿತು. ಕೆಡವುವಾಗ ನಗರ, ವಿಶ್ವವಿದ್ಯಾಲಯ, ಕೇಂದ್ರ ಸರ್ಕಾರ ಮೂವರೂ ಒಂದೇ ಯೋಜನೆಯಲ್ಲಿ ಕೈಜೋಡಿಸಿದ್ದರು. ಅದಕ್ಕೆ ಕಾನೂನು, ಅನುದಾನದ ಸೂತ್ರ, ಪ್ರಾಧಿಕಾರ ಎಲ್ಲ ಇತ್ತು. ಸರಿಪಡಿಸುವಾಗ ಅಂಥ ಜಂಟಿ ಯಂತ್ರ ಎಲ್ಲೂ ಇಲ್ಲ. ಯಾರಿಗೆ ಮನಸ್ಸು ಬಂತೋ ಅವರು, ತಮ್ಮ ಹತ್ತಿರ ಇದ್ದದ್ದನ್ನು ಕೊಟ್ಟರು.

ಇದರಿಂದ ತೆಗೆದುಕೊಳ್ಳಬಹುದಾದದ್ದು

ಇಂಥ ಕೆಲಸಕ್ಕೆ ಕೈಹಾಕುವ ಸಂಸ್ಥೆಗಳಿಗೆ ಮೊದಲ ಪ್ರಶ್ನೆ ಎಷ್ಟು ಕೊಡಬೇಕು ಅನ್ನುವುದಾಗಬಾರದು. ಏನು ಹೋಯಿತು ಅಂತ ಹೋದವರ ಬಾಯಿಂದಲೇ ಪಟ್ಟಿ ಮಾಡಿಸಬೇಕು. ಅರೇರಿಯಾದಲ್ಲಿ ಆ ಪಟ್ಟಿ ಮೊದಲು ಆಗಿದ್ದರೆ ಅಂಗಡಿಗಳು, ಸಹಕಾರ ಸಂಘ, ಮನೆಬೆಲೆಯ ವ್ಯತ್ಯಾಸ ಎಲ್ಲ ಅದರಲ್ಲಿ ಇರುತ್ತಿದ್ದವು. ವಿದ್ಯಾರ್ಥಿವೇತನವೂ ಇರುತ್ತಿತ್ತು, ಒಂದು ಸಾಲಾಗಿ.

ಕಾಲದ ವಿಷಯದಲ್ಲಿ ನನಗೆ ಯಾವ ಗೊಂದಲವೂ ಇಲ್ಲ. ಕಳೆದುಕೊಂಡವರು ಬದುಕಿರುವಾಗ ಕೊಡುವ ಸಣ್ಣ ಮೊತ್ತ, ಅವರ ಮರಿಮಕ್ಕಳಿಗೆ ಕೊಡುವ ದೊಡ್ಡ ಯೋಜನೆಗಿಂತ ನೇರವಾದದ್ದು. ಅರೇರಿಯಾದಲ್ಲಿ ಮನೆ ಮಾರಿ ಹೋದ ಹಿರಿಯರಲ್ಲಿ ಹೆಚ್ಚಿನವರು ಈಗ ಇಲ್ಲ. 1973ರಿಂದ 1990ರ ದಶಕದವರೆಗಿನ ಆ ಇಪ್ಪತ್ತು ವರ್ಷ ಯಾರೂ ಏನೂ ಕೊಡದೆ ಕಳೆದವು. ಆ ಅವಧಿಯ ನಷ್ಟವನ್ನು ಯಾವ ವಿದ್ಯಾರ್ಥಿವೇತನವೂ ಹಿಂದಕ್ಕೆ ಹೋಗಿ ತುಂಬುವುದಿಲ್ಲ.

ಕೊಟ್ಟ ಮಾತನ್ನು ಬರೆಸಿಕೊಳ್ಳುವುದು ಮುಖ್ಯ. ಇವತ್ತು ಎಲ್ಲೇ ಆಗಲಿ, ಕ್ಯಾಂಪಸ್ಸಿಗೋ ಮೆಟ್ರೋಗೋ ಕೈಗಾರಿಕಾ ಪ್ರದೇಶಕ್ಕೋ ಜಾಗ ಬಿಟ್ಟುಕೊಡುವ ಸಭೆಯಲ್ಲಿ ಅಧಿಕಾರಿಗಳು ಹೇಳಿದ್ದೆಲ್ಲ ನಡಾವಳಿ ಪುಸ್ತಕದಲ್ಲಿ ಸೇರಲೇಬೇಕು ಅಂತ ಜನ ಹಟ ಹಿಡಿಯಬೇಕು. ನಮ್ಮ 2013ರ ಭೂಸ್ವಾಧೀನ ಕಾಯ್ದೆ ಸಾಮಾಜಿಕ ಪರಿಣಾಮದ ಅಧ್ಯಯನ, ಪುನರ್ವಸತಿ ಇವನ್ನೆಲ್ಲ ಕಾಗದಕ್ಕೆ ತಂದಿದೆ. ಜಮೀನಿನ ಮಾಲೀಕರಷ್ಟೇ ಅಲ್ಲದೆ ಅದನ್ನು ನೆಚ್ಚಿ ಬದುಕುವವರನ್ನೂ ಬಾಧಿತ ಕುಟುಂಬ ಅನ್ನುತ್ತದೆ. ಅರೇರಿಯಾದ ಬಾಡಿಗೆದಾರರಿಗೆ ಇಂಥ ವ್ಯಾಖ್ಯೆ ಮೊದಲೇ ಇದ್ದಿದ್ದರೆ ಮುಂದಿನ ಅರ್ಧ ಓಡಾಟ ತಪ್ಪುತ್ತಿತ್ತು.

ಕೊನೆಯದಾಗಿ ಆಡಳಿತದವರಿಗೆ ಒಂದು ಮಾತು, ಇದು ಸಣ್ಣದು ಅನಿಸಬಹುದು. ಅರ್ಹತೆಯನ್ನು ಸಾಬೀತು ಮಾಡುವ ಹೊರೆಯನ್ನು ಅರ್ಜಿದಾರರ ತಲೆ ಮೇಲೆ ಹಾಕಬೇಡಿ. ನವೀಕರಣ ಪ್ರಾಧಿಕಾರದ ಕಡತ, ವಿಳಾಸಪುಸ್ತಕ, ಚರ್ಚ್ ದಾಖಲೆ, ಶಾಲೆಯ ಹಾಜರಿ ಇವನ್ನೆಲ್ಲ ಹುಡುಕಲು ವಿಶ್ವವಿದ್ಯಾಲಯಕ್ಕಿಂತ ಹೆಚ್ಚು ಸೌಲಭ್ಯ ಯಾರಿಗಿದೆ? ಗ್ರಂಥಾಲಯ ಇದೆ, ಇತಿಹಾಸ ವಿಭಾಗ ಇದೆ, ಸಂಬಳ ಪಡೆಯುವ ದಾಖಲೆ ತಜ್ಞರಿದ್ದಾರೆ. ಮನೆ ಮನೆಯ ಪಟ್ಟಿಯನ್ನು ಅವರೇ ಮಾಡಿ, ಹೆಸರು ಸಿಕ್ಕವರ ವಂಶಸ್ಥರಿಗೆ ಅವರೇ ಪತ್ರ ಬರೆಯಲಿ. ಬಾಡಿಗೆ ಮನೆಯವರ ಹೆಸರುಗಳಿಂದ ಶುರು ಮಾಡಲಿ, ಯಾಕೆಂದರೆ ಕಾಗದ ಕಡಿಮೆ ಇರುವುದು ಅವರದೇ.